ಅಳಿಸದ ಗೆರೆಗಳು

೧೧ನೇ ತಾರೀಖು, ಮಂಗಳವಾರ

ಗ್ರಂಥಾಲಯದ ಸಾಹೇಬರು ಅಳಿಸಲು ಕೊಟ್ಟ ಹೊಸ ರಬ್ಬರ್ ನನ್ನ ಚೀಲದಲ್ಲೇ ಇದೆ. ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.

ನಮ್ಮೂರಿನ ಕಾದಂಬರಿಕಾರರು ತೀರಿಕೊಂಡು ನಾಲ್ಕು ದಿನವಾಯಿತು. ನಾಳೆ ನಮ್ಮ ಗ್ರಂಥಾಲಯದಲ್ಲಿ ಶ್ರದ್ಧಾಂಜಲಿ ಸಭೆ. ಅವರ ಪುಸ್ತಕಗಳೆಲ್ಲ ಗಾಜಿನ ಬೀರುವಿನಲ್ಲಿ ಮಿಂಚಬೇಕಂತೆ.

"ಪೆನ್ಸಿಲ್ಲಲ್ಲಿ ಗೀಚಿರೋದನ್ನೆಲ್ಲ ಅಳಿಸಿಬಿಡಮ್ಮ. ದೊಡ್ಡವರು ಬರ್ತಾರೆ" ಎಂದರು ಸಾಹೇಬರು.

ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸವೇ ಅದು. ವಾಪಸು ಬಂದ ಪುಸ್ತಕದ ಗೀಚು ಅಳಿಸಿ ಕಪಾಟಿಗೆ ಸೇರಿಸುವುದು. ಆದರೆ ಈ ನಾಲ್ಕು ದಿನ ಜನ ಬಂದು, ಅವರ ಪುಸ್ತಕ ತೆಗೆದು, ನಿಂತಲ್ಲೇ ಓದಿ, ಅಂಚಿನಲ್ಲಿ ಬರೆದು ಹೋಗಿದ್ದಾರೆ. ಒಬ್ಬರು, "ಇಲ್ಲಿ ನೀವು ಹೇಳಿದ್ದು ತಪ್ಪು ಸಾರ್, ನಿಮ್ಮ ಜೊತೆ ಒಂದು ಜಗಳ ಬಾಕಿ ಇತ್ತು" ಎಂದಿದ್ದಾರೆ. ಇನ್ನೊಬ್ಬರು, "ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಎಬ್ಬಿಸಿ ಕೂರಿಸಿದ್ದು ಈ ಪುಟ." ಅದರ ಕೆಳಗೆ ಬೇರೆ ಅಕ್ಷರದಲ್ಲಿ, "ನನ್ನನ್ನೂ."

ಇದನ್ನು ಅಳಿಸಬೇಕೇ? ನನ್ನ ಕೈಯಿಂದ?

"ಅಳಿಸಲ್ಲ ಸಾರ್" ಎಂದೆ.

"ನಿಯಮ ಅಂತ ಒಂದಿದೆಯಲ್ಲಮ್ಮ!"

"ನಾಳೆ ಮೈಕ್ ಹಿಡಿಯೋರಲ್ಲಿ ಎಷ್ಟು ಜನ ಇವರನ್ನ ಓದಿದ್ದಾರೆ ಸಾರ್? ಓದಿದೋರು ಆಗಲೇ ಮಾತಾಡಿ ಹೋಗಿದ್ದಾರೆ. ಬೀರುವಿನಲ್ಲಿ ಅದೇ ಪುಟಗಳನ್ನ ತೆರೆದಿಡ್ತೀನಿ."

ಸಾಹೇಬರ ಮುಖ ಕೆಂಪಾಯಿತು. ಮೇಲಿನವರಿಗೆ ಬರೆಯುತ್ತಾರಂತೆ. ಬರೆಯಲಿ. ನಾನು ಬೀರುವಿನ ಗಾಜು ಒರೆಸತೊಡಗಿದೆ.

ಎಬ್ಬಿಸಿ ಕೂರಿಸಿದ ಆ ಪುಟವಿರುವ ಪುಸ್ತಕವನ್ನು ಮನೆಗೆ ತಂದಿದ್ದೇನೆ. ಗಂಡ ತೀರಿಕೊಂಡ ಮೇಲೆ ಎಷ್ಟು ಸಲ ಓದಿದ್ದೆನೋ ಆ ಪುಟ. ಒಮ್ಮೆಯೂ ಒಂದು ಚುಕ್ಕಿ ಇಟ್ಟವಳಲ್ಲ. ಈಗ ಆ "ನನ್ನನ್ನೂ" ಎಂಬುದರ ಕೆಳಗೆ ನಾನೂ ಬರೆದೆ: "ನನ್ನನ್ನೂ."

ಪೆನ್ನಿನಲ್ಲಿ.