ಕೋವಿ ಬೀರುವಿನಲ್ಲಿದೆ, ಕೀ ನನ್ನ ಹತ್ತಿರ

ತಮ್ಮಾ,

ಎದ್ದ ತಕ್ಷಣ ಇದನ್ನ ಓದು. ಓದಿ ಹರಿದು ಹಾಕು, ಅಪ್ಪನ ಕೈಗೆ ಸಿಗಬಾರದು.

ಭಾನುವಾರ ಅಪ್ಪ ಗುರಿ ಹೊಡೆದು ಬಂದಮೇಲೆ ಕೋವಿ ತೊಳೆದವರು ನಾವಿಬ್ಬರೇ. ಬಿಸಿನೀರು ಹುಯ್ದ್ವಿ, ಬಟ್ಟೆ ಬೆಳ್ಳಗೆ ಬರೋವರೆಗೂ ಒರೆಸಿದ್ವಿ, ಎಣ್ಣೆ ಸವರಿ ಖಾಲಿ ಕೋವೀನೇ ಗೋಡೆಗೆ ನೇತುಹಾಕಿದ್ವಿ. ಕರಿಮದ್ದಿನ ಮಸಿ ಎಲ್ಲಾದರೂ ಉಳಿದು ತುಕ್ಕು ಹಿಡಿದಿದೆಯೋ ಏನೋ ಅಂತ ಇವತ್ತು ಬೆಳಿಗ್ಗೆ ನಳಿಗೆಯೊಳಗೆ ಮದ್ದು ಜಡಿಯೋ ಕಡ್ಡಿ ಇಳಿಸಿದೆ. ತಳ ಮುಟ್ಟಲಿಲ್ಲ, ಯಾವತ್ತಿಗಿಂತ ನಾಲ್ಕು ಬೆರಳಷ್ಟು ಹೊರಗೇ ನಿಂತಿತು. ಒಳಗೆ ಮದ್ದು, ಗುಂಡು ಎರಡೂ ಇವೆ. ಆಮೇಲೆ ನೋಡಿದರೆ ಮದ್ದಿಗೆ ಕಿಡಿ ಹೊತ್ತಿಸೋ ಕೇಪೂ ಹಾಕಿತ್ತು.

ಕೇಪು ತೆಗೆದು, ಮದ್ದು ನೆನೆದುಹೋಗಲಿ ಅಂತ ನಳಿಗೆ ತುಂಬ ನೀರು ಹುಯ್ದು ಬೀರುವಿನಲ್ಲಿಟ್ಟು ಬೀಗ ಹಾಕಿದೀನಿ. ತುಕ್ಕು ಹಿಡಿದರೆ ಹಿಡೀಲಿ. ಕೋವಿ ರಿಪೇರಿಯವರನ್ನ ಕರ್ಕೊಂಡು ಬರ್ತೀನಿ, ಅವರೇ ಗುಂಡು ತೆಗೀಲಿ. ನೀನು ಬೀಗ ಮುರಿಯೋಕೆ ಹೋಗಬೇಡ, ನಿನ್ನ ಜಾಣತನ ನಂಗೊತ್ತು.

ಅಪ್ಪನ ಜೊತೆಗೇ ಇರು. ನಿಮ್ಮ ಕೈ ನಡುಗುತ್ತೆ, ಇನ್ಮೇಲೆ ಬರಬೇಡಿ ಅಂತ ಗುರಿ ಹೊಡೆಯೋ ಕ್ಲಬ್ಬಿನವರು ಅಂದಾಗಿನಿಂದ ಅವರು ನೆಟ್ಟಗೆ ಮಾತೇ ಆಡಿಲ್ಲ. ಆ ಹಳೇ ರೇಡಿಯೊ ಬಿಚ್ಚಿ ಹರಡ್ಕೊಂಡು ಕೂತು, ಸರಿಮಾಡೋದು ಹೇಗೆ ಅಂತ ಕೇಳು. ಬೈದರೆ ಬೈಸಿಕೋ. ಒಬ್ಬರನ್ನೇ ಮಾತ್ರ ಬಿಡಬೇಡ.

ನಿನ್ನೆ ಊಟಕ್ಕೆ ಕೂತಾಗ, "ಇನ್ನು ಕೋವಿ ತೊಳೆಯೋ ಕಷ್ಟ ನಿಮಗಿರಲ್ಲ ಮಗಳೇ" ಅಂದರು. ಮಾರಿಬಿಡ್ತಾರೇನೋ ಅಂದ್ಕೊಂಡು ನಾನು, "ಒಳ್ಳೇದಾಯ್ತು ಬಿಡಿ ಅಪ್ಪ" ಅಂದುಬಿಟ್ಟೆ.

ಅಕ್ಕ