ಅರಳಿಕಟ್ಟೆಯ ಕೀ

ಅಪ್ಪಾ,

ಸೊಪ್ಪಿನ ಸಾರು ಒಲೆ ಮೇಲಿದೆ, ಮುದ್ದೆ ಡಬ್ಬಿಲಿದೆ. ನನ್ ಮೇಲಿನ ಸಿಟ್ಟಿಗೆ ಉಪವಾಸ ಇರ್ಬೇಡ. ಟ್ಯಾಂಕ್ ತುಂಬಿದ ತಕ್ಷಣ ಮೋಟಾರ್ ಆಫ್ ಮಾಡು.

ನಾನು ಯಲಹಂಕಕ್ಕೆ ಹೋಗ್ತಿದೀನಿ. 'ನಮ್ಮೂರ ಸಾರ್ವಜನಿಕ ಜಾಗ' ಪ್ರಬಂಧ ಸ್ಪರ್ಧೆಗೆ ಇವತ್ತೇ ಕೊನೇ ದಿನ. ನಿನ್ನೆ ನೀನು ಹರಿದು ಹಾಕಿದ್ಯಲ್ಲ, ಅದನ್ನೇ ಮತ್ತೆ ಕೂತು ಬರೆದೆ. ಈ ಸಲ ಎರಡು ಪುಟ ಜಾಸ್ತೀನೇ ಆಯ್ತು.

ಮನೆ ಮರ್ಯಾದೆ ಬೀದಿಗೆ ತರ್ತೀಯಾ ಅಂದೆ ನೀನು. ನಮ್ಮೂರು ಸಿಂಗಾಪುರದೋರೆಲ್ಲ ಕೂರ್ತಿದ್ದ ಅರಳಿಕಟ್ಟೆಗೆ ಗ್ರಿಲ್ ಹಾಕ್ಸಿ, ಗೇಟಿಗೆ ಬೀಗ ಜಡಿದು, ಅದರ ಕೀನ ನಮ್ಮನೆ ಮೊಳೆಗೆ ನೇತುಹಾಕಿದ್ದು ಯಾರಪ್ಪಾ? ಜನ ಗಲೀಜು ಮಾಡ್ತಾರೆ ಅಂದೆ. ಮಾಡ್ತಿದ್ರು, ಇಲ್ಲ ಅನ್ನಲ್ಲ. ಈಗ ಕಟ್ಟೆ ಕ್ಲೀನಾಗಿದೆ, ಗ್ರಿಲ್ ಮೇಲಿನ ಬೋರ್ಡಲ್ಲಿ ದಾನಿಗಳು ಅಂತ ನಿನ್ ಹೆಸರೂ ಹೊಳೀತಿದೆ. ಸೊಪ್ಪು ಮಾರೋರು ಮಾತ್ರ ಬಿಸಿಲಲ್ಲಿ ಕೂತಿದಾರೆ. ಶನಿವಾರ ಮರ ಸುತ್ತಕ್ಕೆ ಅಜ್ಜಿ ಹೆತ್ತ ಮಗನ ಹತ್ರಾನೇ ಕೀ ಕೇಳ್ಬೇಕು. ಇಷ್ಟನ್ನೇ ಬರೆದಿದೀನಿ. ನಿನ್ ಹೆಸರು ಬರೆದಿಲ್ಲ, ಅದು ಹೇಗೂ ಬೋರ್ಡಲ್ಲಿದೆ.

ಬಹುಮಾನ ಬರದಿದ್ರೂ ಪರವಾಗಿಲ್ಲ. ಯಾರೋ ಒಬ್ರು ಓದ್ಲಿ.

ಮೊಳೆ ಹತ್ರ ಕೀ ಹುಡುಕ್ಬೇಡ. ಬೀಗ ತೆಗೆದು, ಎರಡನ್ನೂ ಬ್ಯಾಗಿಗೆ ಹಾಕ್ಕೊಂಡಿದೀನಿ.

ನಿಮ್ಮಮ್ಮ ಬೆಳಗ್ಗೆಯಿಂದ ಕಟ್ಟೆ ಮೇಲೇ ಇದಾಳೆ. ಊಟಾನೂ ಅಲ್ಲೇ ಅಂತೆ. ತಟ್ಟೆ ತಗೊಂಡು ನೀನೇ ಹೋಗು. ಗೇಟ್ ತೆಗೆದಿದೆ.

ನಂದಿತಾ