ಮುಂದೂಡಿದ ಬುಧವಾರ

ದುರ್ಗಿಗುಡಿ, ಶಿವಮೊಗ್ಗ
14 ಜುಲೈ 1968

ಪ್ರೀತಿಯ ಹಫೀಜಾ,

ಈ ಕೈಬರಹ ನಿನಗೆ ಗುರುತು ಸಿಕ್ಕಿರುತ್ತದೆ. ಸಿಕ್ಕ ಮೇಲೂ ಕಾಗದವನ್ನು ಒಲೆಗೆ ಹಾಕದೆ ಓದುತ್ತಿದ್ದರೆ ನನಗೆ ಅದೇ ದೊಡ್ಡದು. ನೀವು ಭದ್ರಾವತಿಗೆ ಹೋಗಿ ಐದು ವರ್ಷವಾಯಿತು. ಹನ್ನೆರಡು ಮೈಲಿ ದೂರ, ಬೇಕೆಂದಾಗ ಬಸ್ಸು. ನಾನು ಬರಲಿಲ್ಲ, ಬರೆಯಲೂ ಇಲ್ಲ. ವಿಳಾಸ ಗೊತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೇಳಿದ್ದರೆ ಯಾರಾದರೂ ಕೊಡುತ್ತಿದ್ದರು.

ನಮ್ಮ ಮಹಿಳಾ ಸೇವಾ ಕೂಟಕ್ಕೆ ಈ ವರ್ಷ ಹತ್ತು ತುಂಬಿತು. ಸ್ಮರಣ ಸಂಚಿಕೆಯೊಂದನ್ನು ತರಬೇಕೆಂದು ಅಧ್ಯಕ್ಷೆ ಪುಷ್ಪಮ್ಮನವರ ಆಸೆ. ಕಾರ್ಯದರ್ಶಿ ನಾನಾದ್ದರಿಂದ ಹತ್ತು ವರ್ಷದ ಕೆಲಸಗಳನ್ನು ಬರೆದುಕೊಡಲು ನನಗೇ ಹೇಳಿದರು. ಸಭೆಯ ನಡವಳಿ ಪುಸ್ತಕಗಳನ್ನು ಮನೆಗೆ ತಂದು ಕೂತೆ. ನೀನು ಬರುತ್ತಿದ್ದ ಹೊಲಿಗೆ ತರಗತಿ, ಶಾಲೆಗಳಿಗೆ ಹಾಲಿನ ಪುಡಿ ಹಂಚಿದ್ದು, ಕೋಟೆಯ ಹತ್ತಿರ ಬಾವಿ ರಿಪೇರಿ ಮಾಡಿಸಿದ್ದು, ಎಲ್ಲ ಓದುತ್ತಾ ಬಂದವಳು 1963ರ ಫೆಬ್ರವರಿ ಪುಟದಲ್ಲಿ ನಿಂತುಬಿಟ್ಟೆ. ‘ಗಾಂಧಿ ಬಜಾರಿನ ಹಿಂದಿನ ಗಲ್ಲಿಯ ಹೆಂಗಸರ ಅಸಹಕಾರದಿಂದಾಗಿ ಸಿಡುಬಿನ ದೇವಿ ಹಾಕುವ ಕಾರ್ಯಕ್ರಮವನ್ನು ಮೂರು ವಾರ ಮುಂದೂಡಬೇಕಾಯಿತು’ ಎಂದಿದೆ. ಬರೆದವಳು ನಾನು. ಅಕ್ಷರ ಎಷ್ಟು ದುಂಡಗಿದೆ ಗೊತ್ತೇ, ಒಂದು ಕಡೆಯೂ ಕೈ ತಡವರಿಸಿಲ್ಲ.

ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಆ ವರ್ಷ ಊರಲ್ಲಿ ಅಲ್ಲಲ್ಲಿ ಸಿಡುಬು ಕಾಣಿಸಿಕೊಂಡಿತ್ತು. ನಿಮ್ಮ ಗಲ್ಲಿಗೆ ದೇವಿ ಹಾಕುವವರು ಲಸಿಕೆ ಹಿಡಿದು ಬಂದರೆ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಗಂಡಸರು ಲಾರಿ ಮೇಲೋ ಗ್ಯಾರೇಜಿನಲ್ಲೋ ಇರುತ್ತಿದ್ದರು. ಗುರುತಿಲ್ಲದ ಗಂಡಸಿನ ಮುಂದೆ ತೋಳು ತೋರಿಸಲು ಹೆಂಗಸರು ಒಪ್ಪುತ್ತಿರಲಿಲ್ಲ. ನಮ್ಮ ಕೂಟದವರು ಹೆಂಗಸರೇ ಜೊತೆಗಿದ್ದು ಹಾಕಿಸುತ್ತೇವೆಂದು ಮುಂದೆ ಬಂದೆವು. ಆದರೆ ಮನೆಯೊಳಕ್ಕೆ ಕರೆದುಕೊಂಡು ಹೋಗಲು ನೀನೇ ಬೇಕಾಯಿತು.

ಎಂಟು ದಿನ ಇಬ್ಬರೂ ಮನೆಮನೆ ಸುತ್ತಿದೆವು. ಪರದೆ ಸರಿಸಿ ಒಳಗೆ ಹೋದವಳೇ ನೀನು ಚಾಪೆ ಮೇಲೆ ಕೂತು, ತೋಳು ಬಿಚ್ಚಿ ಗುರುತು ತೋರಿಸುತ್ತಿದ್ದೆ. “ನೋಡ್ರಮ್ಮಾ, ನಂಗೂ ಹಾಕಿದ್ರು. ಎರಡು ದಿನ ಬುಖಾರ್ ಬಂತು, ಹೋಯ್ತು. ಸತ್ತೆನಾ?” ಎಂದು ನಗಿಸುತ್ತಿದ್ದೆ. ನಿನ್ನ ಪಕ್ಕದ ಮನೆಯ ಅಖ್ತರ್ ಬೀ ಮಾತ್ರ ನಿನ್ನ ಮಾತು ಮುಗಿಯುವ ಮೊದಲೇ ಒಪ್ಪಿಕೊಂಡಳು. ತನ್ನ ಆರು ವರ್ಷದ ಮೆಹರ್ ಬಾನುವನ್ನು ಮಾರನೆಯ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆಂದಳು. ಆಗ ನೀನು, “ಅಲ್ಲೀವರ್ಗೂ ಯಾಕೆ ಹೋಗ್ತೀ, ಬುಧವಾರ ಇವ್ರೇ ಬಾಗ್ಲಿಗೆ ಬರ್ತಾರೆ. ನೀನು ಮೊದ್ಲು ಹಾಕಿಸ್ಕೊಂಡ್ರೆ ಮಿಕ್ಕೋರಿಗೂ ಧೈರ್ಯ ಬರುತ್ತೆ” ಎಂದೆ. ನಾನು ತಲೆಯಾಡಿಸಿದೆ. ರಂಜಾನ್ ಶುರುವಾಗುವ ಮುಂಚೆ ಮುಗಿಯಲಿ, ಉಪವಾಸದಲ್ಲಿ ಜ್ವರ ಬರುವುದು ಬೇಡ ಎಂದು ಜನವರಿ ಇಪ್ಪತ್ತಮೂರನೇ ತಾರೀಕನ್ನು ಆರಿಸಿದವಳೂ ನೀನೇ.

ಅದಕ್ಕೆ ಎರಡು ದಿನ ಮುಂಚಿನ ಸೋಮವಾರದ ಸಭೆಯಲ್ಲಿ ಕಾರ್ಯಕ್ರಮವನ್ನು ಫೆಬ್ರವರಿ ಹದಿಮೂರಕ್ಕೆ ಮುಂದೂಡುವುದೆಂದು ತೀರ್ಮಾನವಾಯಿತು. ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಬಂದು ಉದ್ಘಾಟನೆ ಮಾಡುವವರಿದ್ದರು. ಅವರಿಗೆ ಅದಕ್ಕಿಂತ ಮುಂಚೆ ಬಿಡುವಿರಲಿಲ್ಲ. ನಾನೇ ಬಂದು ನಿನಗೆ ಹೇಳಬೇಕಿತ್ತು. ಚೀಟಿ ಕಳಿಸಿದೆ. ಅದು ನಿನ್ನ ಕೈಗೆ ಸಿಕ್ಕಿದ್ದು ಬುಧವಾರವೇ, ಮಕ್ಕಳಿಗೆ ಎಣ್ಣೆ ಹಚ್ಚಿ ತಲೆಬಾಚಿ ತಾಯಂದಿರೆಲ್ಲ ಬಾಗಿಲಲ್ಲಿ ಕಾಯುತ್ತಿದ್ದಾಗ.

ಅವತ್ತು ಮಧ್ಯಾಹ್ನ ನೀನು ನಮ್ಮ ಮನೆಗೆ ಬಂದೆ. ಸಿಟ್ಟಾಗಿರಲಿಲ್ಲ. “ಹೋಗ್ಲಿ ಅಕ್ಕಾ, ನಾನೇ ಹತ್ತು ಮಕ್ಕಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ” ಎಂದೆ. ನಾನು ಬೇಡವೆಂದೆ. ಎಲ್ಲರೂ ಮೊದಲೇ ಹಾಕಿಸಿಕೊಂಡುಬಿಟ್ಟರೆ ಅತಿಥಿಗಳು ಬಂದ ದಿನ ಗಲ್ಲಿಯಲ್ಲಿ ಯಾರಿಗೆ ಹಾಕುವುದು ಎಂದೆ. ನೀನು ಒಂದು ಗಳಿಗೆ ನನ್ನ ಮುಖ ನೋಡಿದೆ. ಆಮೇಲೆ, ನಾನು ಓದಿದವಳು, ತಿಳಿದವಳು ಎಂದುಕೊಂಡು ನನ್ನ ಮಾತಿಗೆ ಹೂಂಗುಟ್ಟಿ ಹೋದೆ.

ಫೆಬ್ರವರಿ ನಾಲ್ಕಕ್ಕೆ ಮೆಹರ್ ಬಾನುವಿಗೆ ಜ್ವರ ಬಂತು. ಹನ್ನೊಂದಕ್ಕೆ ಅವಳು ಹೋದಳು. ಹದಿಮೂರಕ್ಕೆ ಅತಿಥಿಗಳು ಬಂದಾಗ ನಿಮ್ಮ ಗಲ್ಲಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಬೇರೆ ಬೀದಿಯ ನಾಲ್ಕು ಮಕ್ಕಳನ್ನು ಕರೆತಂದು ಕೆಲಸ ಮುಗಿಸಿದೆವು. ಹಾರ ಹಾಕಿದೆವು, ಫೋಟೋ ತೆಗೆಸಿಕೊಂಡೆವು. ಆ ದಿನವೇ ನಾನು ಆ ವಾಕ್ಯ ಬರೆದದ್ದು. ಅದೇ ವಾಕ್ಯ ಊರಿನ ಪತ್ರಿಕೆಯಲ್ಲೂ ಬಂತು.

ಮುಂದಿನ ಸಭೆಗೆ ನೀನು ಬಂದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಕುರ್ಚಿ ಕೊಟ್ಟರೂ ಕೂರಲಿಲ್ಲ. “ಅಖ್ತರ್ ಬೀ ನನ್ನ ಕೇಳ್ತಾಳೆ, ನೀನೇ ತಾನೇ ಆಸ್ಪತ್ರೆಗೆ ಹೋಗ್ಬೇಡ ಅಂದಿದ್ದು ಅಂತ. ನಾನು ಏನು ಜವಾಬು ಕೊಡ್ಲಿ? ನಾವು ಒಪ್ಕೊಂಡು ಬಾಗ್ಲಲ್ಲಿ ಕಾಯ್ತಿದ್ವಿ. ನೀವು ಬರ್ಲಿಲ್ಲ. ಈಗ ಪೇಪರ್‌ನಲ್ಲಿ ನಾವೇ ಒಪ್ಲಿಲ್ಲ ಅಂತ ಬಂದಿದೆ. ಜಲಜಕ್ಕಾ, ಒಂದು ಸಲ ನಮ್ಮ ಗಲ್ಲಿಗೆ ಬಂದು ನಿಜ ಹೇಳ್ಬಿಡಿ, ಸಾಕು” ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಪುಸ್ತಕ ನೋಡುತ್ತಾ, “ಇದು ಸಭೆಯ ವಿಷಯ ಹಫೀಜಾ, ಆಮೇಲೆ ಮಾತಾಡೋಣ” ಎಂದೆ.

“ಆಮೇಲೆ ಬೇಡ ಅಕ್ಕಾ” ಎಂದು ನೀನು ಹೊರಟುಹೋದೆ. ಏಪ್ರಿಲ್‌ನಲ್ಲಿ ನಿನ್ನ ಯಜಮಾನರು ಪೀರ್ ಬಾಷಾ ಅವರು ಭದ್ರಾವತಿಯಲ್ಲಿ ಡ್ರೈವರ್ ಕೆಲಸ ಹಿಡಿದರೆಂದು, ನೀವು ಮನೆ ಖಾಲಿ ಮಾಡಿದಿರೆಂದು ಯಾರೋ ಹೇಳಿದರು. ಗಲ್ಲಿಯಲ್ಲಿ ಯಾರೂ ನಿನ್ನನ್ನು ಮಾತಾಡಿಸುತ್ತಿರಲಿಲ್ಲವಂತೆ. ನಿಜ ಹೇಳುತ್ತೇನೆ, ನೀವು ಹೋದಿರೆಂದು ಕೇಳಿ ನನಗೆ ಹಗುರವಾಯಿತು.

ಹೋದ ತಿಂಗಳ ಸಭೆಯಲ್ಲಿ ನಾನು ಎದ್ದು ನಿಂತು, ಆ ವಾಕ್ಯ ಸುಳ್ಳು, ಅದನ್ನು ಹೊಡೆದುಹಾಕಿ ಸಂಚಿಕೆಯಲ್ಲಿ ನಡೆದದ್ದನ್ನೇ ಹಾಕಬೇಕು ಎಂದೆ. ಪುಷ್ಪಮ್ಮನವರು, “ಐದು ವರ್ಷ ಆಯ್ತಲ್ಲ ಮಾರಾಯ್ತಿ, ಸಂಭ್ರಮದ ಪುಸ್ತಕದಲ್ಲಿ ಸಾವು ಯಾಕೆ?” ಎಂದರು. ಕೊನೆಗೆ ಆ ವರ್ಷದ ಕೆಲಸವನ್ನೇ ಬಿಟ್ಟು ಅಚ್ಚು ಹಾಕಿಸುವುದೆಂದಾಯಿತು. ನಾನು ಕಾರ್ಯದರ್ಶಿ ಕೆಲಸ ಬಿಟ್ಟೆ. ಇದನ್ನೇನೂ ದೊಡ್ಡದೆಂದು ಹೇಳುತ್ತಿಲ್ಲ.

ಅಲ್ಲಿಂದ ನೇರವಾಗಿ ಅಖ್ತರ್ ಬೀ ಮನೆಗೆ ಹೋದೆ. ಮುಂದೂಡಿದ್ದು ಕೂಟದವರು, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆಂದ ಹಫೀಜಾಳನ್ನು ತಡೆದವಳು ನಾನು ಎಂದು ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. “ಈಗ ಬಂದು ಹೇಳ್ತೀರಾ? ಅವಳು ಊರು ಬಿಡೋ ದಿನ ನನ್ನ ಬಾಗ್ಲಿಗೆ ಬಂದಿದ್ಲು. ನಾನು ಚಿಲಕ ತೆಗೀಲಿಲ್ಲ” ಎಂದು ಗೋಡೆಯ ಕಡೆ ತಿರುಗಿ ಅತ್ತಳು. ನಾನು ಹೊರಡುವಾಗ ನಿನ್ನ ವಿಳಾಸ ಕೊಟ್ಟಳು. ಅವಳ ಹತ್ತಿರ ಅದು ಇಷ್ಟು ವರ್ಷ ಇತ್ತು.

ಕಳೆದ ಗುರುವಾರ ಭದ್ರಾವತಿಗೆ ಬಂದಿದ್ದೆ. ನಿನ್ನ ಮನೆಗೆ ಬೀಗ ಹಾಕಿತ್ತು. ಪಕ್ಕದ ತಮಿಳು ಹೆಂಗಸು ಆಸ್ಪತ್ರೆಯ ದಾರಿ ತೋರಿಸಿದಳು. ಅಲ್ಲಿ ನೀನಿದ್ದೆ, ಹಫೀಜಾ. ಏಳೆಂಟು ಹೆಂಗಸರನ್ನು ಕೂಸುಗಳ ಸಮೇತ ಸಾಲಾಗಿ ನಿಲ್ಲಿಸಿಕೊಂಡು, ಒಂದು ಮಗುವಿನ ತೋಳು ಹಿಡಿದು ಅದರ ಗಮನ ಬೇರೆಡೆ ಸೆಳೆಯುತ್ತಿದ್ದೆ. ಅತಿಥಿಗಳಿಲ್ಲ, ಫೋಟೋ ಇಲ್ಲ, ಕೂಟವೂ ಇಲ್ಲ. ಹುಣಿಸೆ ಮರದಡಿ ನಿಂತು ನೋಡಿ, ಬಸ್ಸು ಹತ್ತಿ ವಾಪಸು ಬಂದುಬಿಟ್ಟೆ. ಆ ಹೆಂಗಸರ ಮುಂದೆ ನಿನಗೆ ಮತ್ತೊಮ್ಮೆ ಆ ದಿನಗಳನ್ನು ನೆನಪಿಸುವುದು ಬೇಡವೆನಿಸಿತು. ಇಲ್ಲ, ಹೆದರಿದೆ ಎಂದೇ ಬರೆಯುತ್ತೇನೆ.

ಕ್ಷಮಿಸು ಎಂದು ಕೇಳಲು ನನಗೆ ಬಾಯಿ ಬರುತ್ತಿಲ್ಲ. ಅಖ್ತರ್ ಬೀಗೆ ನಿನ್ನನ್ನು ನೋಡಬೇಕೆಂದಿದೆ. ಅವಳಿಗಾದರೂ ಒಂದು ಕಾಗದ ಬರೆ.

ನಿನ್ನಿಂದ ಅಕ್ಕ ಎನಿಸಿಕೊಂಡಿದ್ದ,
ಜಲಜಮ್ಮ

ಮರೆತದ್ದಲ್ಲ, ಬರೆಯದೆ ಬಿಟ್ಟದ್ದು: ‘ತೀರ್ಮಾನವಾಯಿತು’ ಎಂದು ಮೇಲೆ ಬರೆದಿದ್ದೇನೆ. ಸೋಮವಾರದ ಆ ಸಭೆಯಲ್ಲಿ ಪುಷ್ಪಮ್ಮನವರು, ಅತಿಥಿ ಇಲ್ಲದಿದ್ದರೂ ಚಿಂತೆಯಿಲ್ಲ, ಬುಧವಾರವೇ ಆಗಲಿ ಎಂದಿದ್ದರು. ಮುಂದೂಡಲೇಬೇಕೆಂದು ಹಟ ಹಿಡಿದವಳು ನಾನೊಬ್ಬಳೇ. ನಮ್ಮ ಮನೆಯವರಿಗೆ ರಾಯಚೂರಿಗೆ ವರ್ಗವಾಗಿತ್ತು. ಅದನ್ನು ತಪ್ಪಿಸುವುದು ಆ ಅಧಿಕಾರಿಯ ಕೈಯಲ್ಲಿತ್ತು. ಉದ್ಘಾಟನೆಯ ದಿನ ಅವರು ನಮ್ಮ ಮನೆಯಲ್ಲೇ ಊಟ ಮಾಡಿದರು. ಇದನ್ನು ಪುಷ್ಪಮ್ಮನವರು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಅಖ್ತರ್ ಬೀಗೆ ನಾನೂ ಹೇಳಲಿಲ್ಲ. ವರ್ಗ ರದ್ದಾಯಿತು, ಹಫೀಜಾ. ನಾವು ಈಗಲೂ ಇದೇ ಮನೆಯಲ್ಲಿದ್ದೇವೆ.